ಸಾಮ್ರಾಟನ ಗಂಟಲು

ಎರಡನೆಯ ಸಾಮ್ರಾಟರ ಮೊದಲ ವರ್ಷ, ನಾಲ್ಕನೆಯ ತಿಂಗಳು, ಹುಣ್ಣಿಮೆಯ ಮರುದಿನ

ಇಂದು ನನ್ನ ಗಂಟಲು ನನ್ನ ಮಾನ ಉಳಿಸಿತು.

ಸಂತೆಮಾಳದ ಕಟ್ಟೆ ಹತ್ತಿದೆ. ನಗಾರಿ ಮೊಳಗಿತು. ಮೀನು ಮಾರುವವರು ಬಾಯಿ ಮುಚ್ಚಿದರು, ಕತ್ತೆಗಳೂ ಮುಚ್ಚಿದವು. "ಕರಿತಲೆಯ ಪ್ರಜೆಗಳೇ, ಕಿವಿಗೊಡಿ" ಎಂದು ಮೊದಲ ಸಾಲು ಎತ್ತಿದೆ ನೋಡಿ, ಗೋಡೆಯ ಮೇಲಿನ ಕಾಗೆಗಳು ಜಾಗ ಖಾಲಿ ಮಾಡಿದವು. ರಾಜಧಾನಿಯಲ್ಲಿ ಅರ್ಧಕ್ಕೆ ನಿಂತಿರುವ ಮಹಾ ಅರಮನೆಯನ್ನು ಎರಡನೆಯ ಸಾಮ್ರಾಟರು ಪೂರ್ತಿ ಮಾಡಿಸುತ್ತಾರಂತೆ. ಅದಕ್ಕೆ ನಮ್ಮೂರಿನ ಗಟ್ಟಿಮುಟ್ಟಾದ ಗಂಡಸರು ಹೊರಡತಕ್ಕದ್ದು ಎಂದು ಆಜ್ಞೆ. ಹೆಸರುಗಳನ್ನು ಒಂದೊಂದಾಗಿ ಕೂಗಿದೆ. ನಮ್ಮ ಬೀದಿಯ ಸರದಿ ಬಂತು. ಪಕ್ಕದ ಮನೆಯ ತಾವಕ್ಕನ ಮಗನ ಹೆಸರು ಬಂತು. ಅದರ ಕೆಳಗೆ ನನ್ನ ಮಗನ ಹೆಸರಿತ್ತು.

ಅದನ್ನೂ ಕೂಗಿದೆ. ಅದೇ ಎತ್ತರದಲ್ಲಿ, ಅದೇ ಗತ್ತಿನಲ್ಲಿ. ಒಂದೆಳೆಯೂ ನಡುಗಲಿಲ್ಲ. ಹ್ವಾಯ್ ನದಿಯ ಆಚೆ ದಡದ ಅಂಬಿಗರು ಹುಟ್ಟು ನಿಲ್ಲಿಸಿ ಕೇಳಿದರಂತೆ. ಕೆಳಗಿಳಿದಾಗ ಕಚೇರಿಯ ಗುಮಾಸ್ತ ಲ್ವೋ ಭುಜ ತಟ್ಟಿ, "ಕ್ವೈ, ನೀನು ಬರೀ ಡಂಗುರದವನಲ್ಲ ಕಣಯ್ಯ. ಸಾಮ್ರಾಟರ ಗಂಟಲು ನೀನು" ಎಂದ.

ಮನೆಗೆ ಬಂದು ನೀರು ಕುಡಿಯುವಾಗ ಬಟ್ಟಲು ಕೈಯಲ್ಲಿ ಕುಣಿಯುತ್ತಿತ್ತು. ನಗಾರಿಯ ಪಕ್ಕ ಅಷ್ಟು ಹೊತ್ತು ನಿಂತರೆ ಯಾರ ಕೈಯಾದರೂ ಹಾಗೇ ಆಗುತ್ತದೆ.

ಅದೇ ತಿಂಗಳು, ಚಂದ್ರ ಕಾಣದ ದಿನ

ಉತ್ತರದ ಬಾಗಿಲಲ್ಲಿ ಅವರನ್ನು ಸಾಲುಗಟ್ಟಿಸಿ ಕಳಿಸಿದರು.

ಕಚೇರಿಯ ಕಡತದಲ್ಲಿ ನನ್ನ ಮಗ ಷೆಂಗ್. ಮನೆಯಲ್ಲಿ ಮಿಡತೆ. ಹುಟ್ಟಿದಾಗ ಕಾಲು ಕಡ್ಡಿಯಂತಿತ್ತು ಎಂದು ಅವನ ತಾಯಿ ಇಟ್ಟ ಹೆಸರು. ಅಂಥ ಬಡಪಾಯಿ ಹೆಸರಿಟ್ಟರೆ ದೆವ್ವಗಳೂ ಮೂಸಿ ನೋಡುವುದಿಲ್ಲ. ಅವಳು ತೀರಿಹೋಗಿ ವರ್ಷಗಳಾದವು, ದನಿಯನ್ನು ಮಾತ್ರ ಮಗನಿಗೆ ಬಿಟ್ಟುಹೋದಳು. ಪಕ್ಕದಲ್ಲೇ ಕೂತರೂ ಅವನ ಮಾತಿಗೆ ಕಿವಿ ಚಾಚಬೇಕು. ಸಿಡಿಲಿಗೆ ಇಬ್ಬನಿ ಹುಟ್ಟಿದೆ ಎಂದು ಊರು ನಗುತ್ತದೆ.

ಸಾಲಿನಿಂದ ತಲೆ ಹೊರಹಾಕಿ ಅವನು ನನಗೆ ಏನೋ ಹೇಳಿದ. ನಗಾರಿ ಬಡಿಯುತ್ತಿತ್ತು.

"ಗಟ್ಟಿಯಾಗಿ ಹೇಳೋ" ಎಂದು ಕೂಗಿದೆ.

ಬಾಗಿಲಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಮತ್ತೆ ಹೇಳಲಿಲ್ಲ.

ಅವನ ಪಕ್ಕದಲ್ಲೇ ತಾವಕ್ಕನ ಮಗ ನಿಂತಿದ್ದ. ತಾವಕ್ಕ ಅವನ ಕೈಗೆ ಉಪ್ಪುಮೀನಿನ ಗಂಟು ತುರುಕಿ, "ಹಂದಿಮರೀ, ಕಾಲು ಒದ್ದೆ ಮಾಡ್ಕೋಬೇಡ್ವೋ" ಎಂದಳು. ಮೀಸೆ ಹೊತ್ತ ಗಂಡಸು ಕಿವಿಯವರೆಗೆ ಕೆಂಪಾಗಿ, "ಅಮ್ಮಾ, ಇಷ್ಟು ಜನದ ಮುಂದೆ ಆ ಹೆಸರು ಬೇಡ" ಎಂದ. ಸಾಲು ಹೊರಟಿತು. ರಂಗದ ಮೇಲಿಂದ ಪಾತ್ರಗಳು ಹೋದ ಮೇಲೆ ಧೂಳಷ್ಟೇ ಉಳಿಯುವಂತೆ ಧೂಳು ಉಳಿಯಿತು.

ಸೊಸೆ ರುವೊ ಸಂಜೆ ತನ್ನ ಕೋಳಿಗಳೊಂದಿಗೆ ನನ್ನ ಮನೆಗೆ ಬಂದಳು. ಬೆಳೆದ ಮಗ ಬೇರೆ ಮನೆ ಮಾಡದಿದ್ದರೆ ಎರಡರಷ್ಟು ತೆರಿಗೆ ಎಂಬುದು ಚಿನ್ ಕಾನೂನು. ಈಗ ಆ ಮನೆಯಲ್ಲಿ ಗಂಡಸಿಲ್ಲ. "ಮಾವ, ನಾನು ಇಲ್ಲೇ ಇರ್ತೀನಿ" ಎಂದು ಗಂಟನ್ನು ಮೂಲೆಯಲ್ಲಿಟ್ಟಳು. ಗಂಟಿನ ಮೇಲೆ ಮಿಡತೆಯ ನಾರು ತುಂಬಿದ ಹಳೆಯ ಅಂಗಿ ಇತ್ತು.

ಐದನೆಯ ತಿಂಗಳು, ಬೆಳೆಯುವ ಚಂದ್ರ

ಕಚೇರಿಯವರು ತಪ್ಪು ಬರೆದು ಎಸೆದ ಬಿದಿರುಪಟ್ಟಿಗಳನ್ನು ಹೆರೆದು ಇದನ್ನು ಬರೆಯುತ್ತೇನೆ. ರುವೊಗೆ ಅದೂ ಹಿಡಿಸುವುದಿಲ್ಲ. ಬರೆಯುವಾಗ ಓದಿಕೊಂಡು ಬರೆಯುತ್ತೇನಂತೆ, ಬೀದಿಯ ಕೊನೆಯವರೆಗೆ ಕೇಳುತ್ತದಂತೆ.

ಬೆಳಿಗ್ಗೆ ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ, ಅಷ್ಟೇ.

"ಮಾವ, ನೀವು ಹಿಂಗೆ ಕೆಮ್ಮಿದ್ರೆ ಕೋಳಿಗಳು ಮೊಟ್ಟೇನ ಒಳಗೇ ಇಟ್ಕೊಳ್ತವೆ."

"ಈ ಗಂಟಲಿಂದಾನೇ ಕಣಮ್ಮ ನೀನು ಉಣ್ಣೋ ಅಕ್ಕಿ ಬರೋದು."

"ಅಕ್ಕಿ ಮನೆಗೆ ಬರ್ಲಿ. ಸದ್ದು ಕಚೇರಿಲೇ ಇರ್ಲಿ."

ಅವಳಿಗೇನು ಗೊತ್ತು ಈ ಗಂಟಲಿನ ಕಥೆ. ಚೂ ರಾಜ್ಯದ ಕೆಂಪು ಬಾವುಟ ಹಾರುತ್ತಿದ್ದ ಕಾಲದಲ್ಲಿ ನಾನು ಮಣ್ಣುದೇವರ ಕಟ್ಟೆಯ ಮುಂದೆ ಮುಖವಾಡ ತೊಟ್ಟು ಕುಣಿಯುತ್ತಿದ್ದವನು. ಯಾರಾದರೂ ಸತ್ತರೆ ಅವರ ಅಂಗಿ ಹಿಡಿದು ಮಾಡು ಹತ್ತಿ, ಉತ್ತರಕ್ಕೆ ಮುಖ ಮಾಡಿ, ದಾರಿ ಹಿಡಿದ ಪ್ರಾಣವನ್ನು ಹೆಸರೆತ್ತಿ ಮೂರು ಸಲ ಕರೆಯುತ್ತಿದ್ದವನು. ಪ್ರಾಣ ಅಂಗಿಗೆ ಮರಳಿದರೆ ಅಲೆಯುವುದು ತಪ್ಪುತ್ತದೆ. ನಾನು ಕರೆದ ಪ್ರಾಣ ಒಂದೂ ದಾರಿ ತಪ್ಪಿಲ್ಲ ಎಂದು ಜನ ಈಗಲೂ ಹೇಳುತ್ತಾರೆ.

ಆಮೇಲೆ ಚಿನ್ ಸೇನೆ ಕಪ್ಪು ಬಾವುಟ ಹಿಡಿದು ಬಂತು. ಮಿಡತೆ ಆಗ ನನ್ನ ಸೊಂಟದೆತ್ತರ. ಆರು ರಾಜ್ಯಗಳು ಆರು ಹಣತೆಗಳಂತೆ ಒಂದೊಂದಾಗಿ ಆರಿದವು. ಆ ಮೊದಲ ಮಹಾ ಘೋಷಣೆಯನ್ನು ಓದಿದವನು ನಾನೇ. ಇನ್ನು ಮೇಲೆ ಒಂದೇ ಅಳತೆ, ಒಂದೇ ತೂಕ, ಎಲ್ಲ ಬಂಡಿಗಳ ಅಚ್ಚಿಗೂ ಒಂದೇ ಅಗಲ. ಆಯುಧಗಳನ್ನೆಲ್ಲ ಕರಗಿಸಿ ಗಂಟೆ ಎರೆಯುವರು. ಯುದ್ಧ ಎಂಬುದೇ ಇಲ್ಲ. 'ನಾನು ಮೊದಲನೆಯ ಸಾಮ್ರಾಟ, ನನ್ನ ನಂತರ ಎರಡನೆಯವನು, ಮೂರನೆಯವನು, ಹೀಗೆ ಹತ್ತು ಸಾವಿರ ತಲೆಮಾರು' ಎಂದು ಸಾಮ್ರಾಟರ ಮಾತು. ಆ 'ಹತ್ತು ಸಾವಿರ'ವನ್ನು ಎಳೆದು ನಿಲ್ಲಿಸಿದಾಗ ಸಂತೆಯಲ್ಲಿ ಹೆಂಗಸರು ಅತ್ತರು. ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ ಎಂದು ಅತ್ತರು. ನಾನೂ ನಂಬಿದ್ದೆ.

ಇವತ್ತು ರುವೊ ಅನ್ನ ಬಡಿಸಿ ತಾನು ಉಣ್ಣಲಿಲ್ಲ. ಯಾಕೆಂದು ಗದರಿದೆ. "ಮೂರು ತಿಂಗಳು ಮಾವ" ಎಂದಳು. ಬಾಗಿಲಾಚೆ ಹೋಗಿ ಸುಮ್ಮನೆ ನಿಂತೆ. ಕೋಳಿಗಳು ನನ್ನನ್ನೇ ನೋಡುತ್ತಿದ್ದವು.

ಎಂಟನೆಯ ತಿಂಗಳು, ಮಳೆ

"ದೂರದ ಜೌಗಿನಲ್ಲಿ ಕೆಲವು ಪುಡಿಗಳ್ಳರು ಗಲಾಟೆ ಮಾಡಿರುತ್ತಾರೆ. ಅವರನ್ನು ಹಿಡಿಯಲಾಗುತ್ತಿದೆ. ಪ್ರಜೆಗಳು ನೆಮ್ಮದಿಯಿಂದಿರಿ." ಇಷ್ಟೇ ಆಜ್ಞೆ. ಚೆನ್ನಾಗಿ ಓದಿದೆ.

ತಾವಕ್ಕ ಉಪ್ಪುಮೀನಿನ ಬುಟ್ಟಿಯ ಹಿಂದಿನಿಂದ ಕೇಳಿದಳು. "ಕ್ವೈ, ಪುಡಿಗಳ್ಳರು ಅಂದ್ರೆ ಎಷ್ಟು ಸಾವಿರಪ್ಪ?"

ಸಂತೆ ಕಿಸಕ್ಕೆಂದಿತು. ಗುಮಾಸ್ತ ಲ್ವೋ ನನ್ನ ಕಡೆ ನೋಡಲಿಲ್ಲ.

ಒಂಬತ್ತನೆಯ ತಿಂಗಳು

ದಂಗೆಯೆದ್ದವರು ಊರಿಗೆ ಬಂದರೆಂದು ಕಚೇರಿಯ ನ್ಯಾಯಾಧಿಕಾರಿ ಹೆಂಗಸಿನ ಬಟ್ಟೆ ಹೊದ್ದು ದೋಣಿಯಲ್ಲಿ ಪಾರಾದ. ಲ್ವೋ ಉಳಿದ. ಕಚೇರಿಯ ಕೀಲಿಕೈ ಅವನ ಬಳಿಯಿತ್ತು, ಯಾರಿಗೆ ಕೊಡುವುದೆಂದು ತಿಳಿಯದೆ ಉಳಿದ.

ಕಪ್ಪು ಬಾವುಟ ಇಳಿಯಿತು. ಕೆಂಪು ಬಟ್ಟೆ ಊರಿನಲ್ಲಿ ಯಾರ ಬಳಿಯೂ ಇಲ್ಲ. ಕೊನೆಗೆ ತಾವಕ್ಕನ ಮದುವೆಯ ಲಂಗ ಕಂಬವೇರಿತು. "ಹುಷಾರಾಗಿ ಕಟ್ರೋ, ಸೊಂಟದ ಹತ್ರ ಹೊಲಿಗೆ ಬಿಟ್ಟಿದೆ" ಎಂದು ಕೆಳಗಿನಿಂದ ಹೇಳುತ್ತಲೇ ಇದ್ದಳು.

ಚೂ ರಾಜ್ಯ ಮತ್ತೆ ಎದ್ದಿದೆ ಎಂದು ಹೊಸ ಸೇನೆಯವರು ಘೋಷಣೆ ತಂದರು. ಅದೇ ಕಟ್ಟೆ, ಅದೇ ನಗಾರಿ, ಅದೇ ಗಂಟಲು. ರೂಢಿ ಬಿಡಬೇಕಲ್ಲ, "ಕರಿತಲೆಯ ಪ್ರಜೆಗಳೇ" ಎಂದುಬಿಟ್ಟೆ. ಅದು ಚಿನ್ ಜನರ ಮಾತು. ಸೈನಿಕನೊಬ್ಬ ಈಟಿ ಎತ್ತಿದ. "ಚೂ ಮಕ್ಕಳೇ" ಎಂದು ತಿದ್ದಿಕೊಂಡೆ. ಜನ ಚಪ್ಪಾಳೆ ತಟ್ಟಿದರು. ಮಿಡತೆ ಈಗ ಎಲ್ಲಿದ್ದಾನೆ? ಕಪ್ಪು ಬಾವುಟದ ಕೆಳಗೆ.

ಎರಡನೆಯ ವರ್ಷ, ಹನ್ನೆರಡನೆಯ ತಿಂಗಳು (ಚಿನ್ ಲೆಕ್ಕದಲ್ಲಿ ವರ್ಷ ಹೊರಳುವುದು ಹತ್ತನೆಯ ತಿಂಗಳಿಗೆ). ಹಿಮ

ಹೆಣ್ಣು ಕೂಸು.

ಸೂಲಗಿತ್ತಿ ನನ್ನನ್ನು ಅಂಗಳಕ್ಕೆ ಅಟ್ಟಿದ್ದಳು. ಅಳು ಕೇಳಿದ ಕೂಡಲೇ "ಏನು ಕೂಸು?" ಎಂದೆ. ಒಳಗಿನ ಅಳು ಗಕ್ಕನೆ ನಿಂತಿತು. ಆಮೇಲೆ ಊರು ಹಾರಿಹೋಗುವಂತೆ ಶುರುವಾಯಿತು.

"ಮಾವಾ," ರುವೊ ದನಿ ದಣಿದಿತ್ತು, "ನಿಮ್ಮ ಮೊದಲ ಮಾತಿಗೇ ಕೂಸು ಬೆದರಿತು. ಇನ್ನೊಂದು ಮಾತಾಡಿದ್ರೆ ವಾಪಸ್ ಹೋಗುತ್ತೆ."

ಬಾಗಿಲ ಸಂದಿಯಲ್ಲಿ ತುಟಿಯಿಟ್ಟು, "ಏನೂ ಇಲ್ಲ ಬಿಡಮ್ಮ" ಎಂದು ಹೇಳಿದೆ. ಅಷ್ಟು ಸಣ್ಣಗೆ ಮಾತಾಡುವುದು ಎಷ್ಟು ಕಷ್ಟ. ಬೆವರು ಬಂತು.

ತಲೆಯಲ್ಲಿ ಒಂದು ಕೂದಲಿಲ್ಲ. ಸೋರೆ ಎಂದು ಹೆಸರಿಟ್ಟಿದ್ದೇವೆ. ರುವೊ ಮಿಡತೆಯ ಅಂಗಿಯನ್ನು ಮಡಿಸಿ ಅವಳ ಕೆಳಗೆ ಹಾಸಿದ್ದಾಳೆ. ಕೂಸಿಗೆ ಅಪ್ಪನ ವಾಸನೆ ಗೊತ್ತಿರಲಿ ಎಂದು.

ಎರಡನೆಯ ತಿಂಗಳು

ಕಪ್ಪು ಬಾವುಟ ಮರಳಿತು. ರಾಜಧಾನಿಯಲ್ಲಿ ಕೂಲಿ ಮಾಡುತ್ತಿದ್ದವರ ಕೈಗೇ ಈಟಿ ಕೊಟ್ಟು ಸೇನೆ ಕಟ್ಟಿದ್ದಾರಂತೆ. ಆ ಸೇನೆ ಇವತ್ತು ಬೆಳಿಗ್ಗೆಯಿಂದ ನದಿಯ ಆಚೆ ದಡದಲ್ಲಿ ಸಾಗಿತು. ಊರೆಲ್ಲ ದಂಡೆಗೆ ಓಡಿತು. ಮುಖಗಳು ಕಾಣವು, ಎಲ್ಲ ಇರುವೆಯಷ್ಟು.

ರುವೊ ಕೂಸನ್ನು ಎದೆಗವಚಿಕೊಂಡು ನನ್ನ ತೋಳು ಹಿಡಿದಳು. "ಮಾವ, ಕೂಗಿ. ನಿಮ್ಮ ದನಿ ಆ ದಡಕ್ಕೆ ಮುಟ್ಟುತ್ತೆ. ಇದ್ರೆ ಕೈ ಎತ್ತಿಯಾನು."

ಸಾಗುತ್ತಿರುವ ಸಾಲನ್ನು ಕೂಗಿ ಕೆಡಿಸುವುದು ಅಪರಾಧ. ಅವನು ಸಾಲು ಬಿಟ್ಟು ತಿರುಗಿದರೆ ಅವನ ತಲೆಗೇ ಅಪಾಯ. ಅಲ್ಲದೆ ಗಂಟಲು ಕೆಟ್ಟಿತ್ತು. ಹಿಮದ ಗಾಳಿ.

ಅವಳು ತೋಳು ಬಿಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ತಿಂಗಳು, ಮುಂದಿನ ದಿನ

ಗಂಟಲಿಗೆ ಒಣಗಿದ ಕಿತ್ತಳೆ ಸಿಪ್ಪೆ, ಜೇನು. ಬರೆಯುವಂಥದ್ದೇನಿಲ್ಲ.

ಆರನೆಯ ತಿಂಗಳು

ಬಾವುಟ ಕೆಂಪು.

ಒಂಬತ್ತನೆಯ ತಿಂಗಳು

ಕಪ್ಪು. ತಾವಕ್ಕ ಲಂಗವನ್ನು ಮಡಿಸಿ ಮನೆಗೊಯ್ದು, "ಮತ್ತೆ ಬೇಕಾದ್ರೆ ಬಂದು ಕೇಳಿ, ಒಗೆದಿಟ್ಟಿರ್ತೀನಿ" ಎಂದಿದ್ದಾಳೆ. ಸಂತೆಗೆ ಹೋದರೆ ಜನ ನನ್ನನ್ನು ಕೇಳುತ್ತಾರೆ, "ಅಣ್ಣಾ, ಇವತ್ತು ಯಾವ ರಾಜ?"

ಸೇನೆ ಉತ್ತರಕ್ಕೆ ಹೋಯಿತಂತೆ. ಹಳದಿ ನದಿಯನ್ನೂ ದಾಟಿ.

ಮೂರನೆಯ ವರ್ಷ, ಮೂರನೆಯ ತಿಂಗಳು

ಲ್ವೋ ಇವತ್ತು ಪಕ್ಕಕ್ಕೆ ಕರೆದು ಹೇಳಿದ. "ಕ್ವೈ, ಹಿಂದೆ ನಿಂತೋರಿಗೆ ಕೇಳ್ತಿಲ್ಲ ಕಣಯ್ಯ. ನಿನ್ನ ಗಂಟಲಿಗೆ ಏನಾಯ್ತು?"

"ಧೂಳು" ಎಂದೆ.

ಧೂಳೇ ಇರಬೇಕು. ಮನೆಯಲ್ಲಿ ಸೋರೆ ಮಲಗಿರುತ್ತಾಳೆ, ಏಳುತ್ತಾಳೆ, ಮತ್ತೆ ಮಲಗುತ್ತಾಳೆ. ನಾನು ಬಾಗಿಲನ್ನು ಎತ್ತಿ ತೆರೆಯುತ್ತೇನೆ, ಕಿರುಗುಟ್ಟದಿರಲಿ ಎಂದು. ಮುಖವಾಡದ ಕುಣಿತದಲ್ಲಿ ಕರಡಿಯ ಹೆಜ್ಜೆಯೊಂದಿದೆ, ಕಾಲಿಟ್ಟದ್ದು ನೆಲಕ್ಕೂ ತಿಳಿಯಬಾರದು. ಆ ಹೆಜ್ಜೆ ಈಗ ಉಪಯೋಗಕ್ಕೆ ಬಂತು. ಅವಳಿಗೆ ಕಥೆ ಹೇಳುತ್ತೇನೆ. ರಾಕ್ಷಸನೂ ನನ್ನ ಬಾಯಲ್ಲಿ ಪಿಸುಗುಟ್ಟುತ್ತಾನೆ. ಅವಳು ನನ್ನ ತುಟಿಯನ್ನು ಕೈಯಲ್ಲಿ ಹಿಡಿದು, ಶಬ್ದ ಎಲ್ಲಿಂದ ಬರುತ್ತದೆಂದು ಇಣುಕುತ್ತಾಳೆ.

ಕೋಳಿಗಳು ದಿನವೂ ಮೊಟ್ಟೆ ಇಡುತ್ತಿವೆ. ಮೇವು ಚೆನ್ನಾಗಿದೆ.

ಎಂಟನೆಯ ತಿಂಗಳ ಕೊನೆ

ಎರಡನೆಯ ಸಾಮ್ರಾಟರು ಸತ್ತರಂತೆ. ಅರಮನೆಯೊಳಗೇ, ತಮ್ಮವರ ಕೈಯಲ್ಲೇ. ಮುಂದೆ ಕೂತವನು ಸಾಮ್ರಾಟ ಎಂದು ಕರೆದುಕೊಳ್ಳುವುದಿಲ್ಲವಂತೆ, ಬರೀ ರಾಜನಂತೆ.

ಹತ್ತು ಸಾವಿರ ತಲೆಮಾರು ಎಂದು ನಾನು ಕೂಗಿದ್ದೆ. ಎರಡು ಎಣಿಸುವಷ್ಟರಲ್ಲಿ ಮುಗಿಯಿತು. ಆ ದಿನ ಅತ್ತ ಹೆಂಗಸರ ಮುಖಗಳು ನೆನಪಾದವು. ಅವರಲ್ಲಿ ತಾವಕ್ಕನೂ ಇದ್ದಳು, ಹಂದಿಮರಿಯ ಕೈ ಹಿಡಿದುಕೊಂಡು.

ಯಾವ ವರ್ಷವೆಂದು ಬರೆಯಲಿ? ಹನ್ನೆರಡನೆಯ ತಿಂಗಳು

ರಾಜಧಾನಿ ಉರಿಯುತ್ತಿದೆಯಂತೆ. ಉರಿಯಲಿ ಬಿಡಲಿ, ಆ ಸುದ್ದಿ ಯಾರಿಗೂ ಬೇಕಾಗಿಲ್ಲ. ಇನ್ನೊಂದು ಸುದ್ದಿ ಬಂದಿದೆ. ದೋಣಿಯಿಂದ ಇಳಿದ ಉಪ್ಪಿನ ವ್ಯಾಪಾರಿ ಹೇಳಿದ. ಉತ್ತರದಲ್ಲಿ ಶರಣಾದ ಚಿನ್ ಸೇನೆಯನ್ನು ನಮ್ಮ ಚೂ ಸೇನಾಪತಿ ಒಂದೇ ರಾತ್ರಿಯಲ್ಲಿ ಜೀವಂತ ಮಣ್ಣು ಮಾಡಿಸಿದನಂತೆ. ಲಕ್ಷಗಟ್ಟಲೆ.

ಆ ಸೇನೆಯಲ್ಲಿ ನಮ್ಮ ಬೀದಿಯಿತ್ತು.

ರುವೊ ಅಕ್ಕಿ ಕೇರುತ್ತಿದ್ದಳು. ಕೇಳಿದಳು. ಮೊರದ ಅಕ್ಕಿ ಮುಗಿಯುವವರೆಗೂ ಕೇರಿದಳು.

ಅದೇ ತಿಂಗಳು

ಬೀದಿಯವರು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಂಗಿ.

ಚಿನ್ ಕಾಲವೆಲ್ಲ ನಾನು ಮಾಡು ಹತ್ತಿರಲಿಲ್ಲ. ಈಗ ಹತ್ತಿದೆ. ಒಂದೊಂದು ಮನೆಯ ಮಾಡಿನ ಮೇಲೂ ನಿಂತು, ಅಂಗಿಯ ಕೊರಳಪಟ್ಟಿಯನ್ನು ಎಡಗೈಯಲ್ಲಿ, ಅಂಚನ್ನು ಬಲಗೈಯಲ್ಲಿ ಹಿಡಿದು, ಉತ್ತರಕ್ಕೆ ಬೀಸಿ ಕರೆದೆ. ನಾನು ಕಟ್ಟೆಯ ಮೇಲೆ ಕೂಗಿ ಕಳಿಸಿದ ಹೆಸರುಗಳೇ ಇವು. ಇದೇ ಬಾಯಿಂದ ಹೊರಟದ್ದು ಇದೇ ಬಾಯಿಂದ ಮರಳಬೇಕು.

ತಾವಕ್ಕ ಹಂದಿಮರಿಯ ಅಂಗಿ ತಂದಳು. "ಅವನಿಗೆ ಥಂಡಿ ಆಗಲ್ಲ ಕ್ವೈ. ಹೊರಗೆ ಅಲೀತಾ ಇರೋದು ಬೇಡ. ಬೇಗ ಕರಿ" ಎಂದಳು. ಕರೆದೆ. ಅಂಗಿಯನ್ನು ಅವಳ ಮಡಿಲಿಗಿಟ್ಟೆ. ಮಗುವಿನಂತೆ ಸುತ್ತಿ ಒಯ್ದಳು. ಹಿತ್ತಿಲಲ್ಲಿ ಮಣ್ಣು ಮಾಡಿದಳು.

ಎಲ್ಲರ ಮಾಡೂ ಮುಗಿಯಿತು. ಇಳಿದು ಬಂದಾಗ ಎಲ್ಲರೂ ನನ್ನ ಮನೆಯ ಕಡೆ ನೋಡಿದರು.

ಮರುದಿನ

"ಅಂಗಿ ಕೊಡಮ್ಮ."

"ಅದರ ಮೇಲೆ ಕೂಸು ಮಲಗಿದೆ."

"ಎದ್ದ ಮೇಲೆ ಕೊಡು."

"ಎದ್ದ ಮೇಲೂ ಮತ್ತೆ ಮಲಗುತ್ತೆ ಮಾವ."

ತಾಳ್ಮೆಯಿಂದ ಹೇಳಿದೆ. ಸತ್ತವನನ್ನು ಕರೆಯದೆ ಬಿಟ್ಟರೆ ಅವನು ಗುರುತಿಲ್ಲದ ಮಣ್ಣಿನಲ್ಲಿ ಅಲೆಯುತ್ತಾನೆ. ಅವನ ದನಿ ಮೊದಲೇ ಸಣ್ಣದು, ದಾರಿ ಕೇಳಿದರೂ ಯಾರಿಗೂ ಕೇಳಿಸುವುದಿಲ್ಲ.

ಅವಳು ಒಲೆಯ ಮುಂದೆ ಕೂತೇ ಉತ್ತರ ಕೊಟ್ಟಳು. "ಬದುಕಿದ್ರೆ? ಬದುಕಿರೋನ್ನ ಮಾಡಿನ ಮೇಲಿಂದ ಕರೆದ್ರೆ ಪ್ರಾಣ ಮೈ ಬಿಟ್ಟು ಬಂದ್ಬಿಡುತ್ತೆ. ನೀವೇ ಹೇಳಿದ್ದು. ನಿಮ್ಮ ಕರೆಗೆ ಬರದೇ ಇರೋ ಪ್ರಾಣ ಇಲ್ಲ ಅಂತಾರೆ. ಅದೇ ನನಗೆ ಭಯ."

ಕರೆದರೆ ಬದುಕಿರುವವನನ್ನು ಕೊಂದಂತೆ. ಕರೆಯದಿದ್ದರೆ ಸತ್ತವನನ್ನು ಬೀದಿಯಲ್ಲಿ ಬಿಟ್ಟಂತೆ. ಎಂಥೆಂಥ ವೇಷ ಹಾಕಿ ಕುಣಿದವನು ನಾನು, ಇಂಥ ಇಕ್ಕಟ್ಟಿನ ರಂಗ ಕಂಡಿರಲಿಲ್ಲ.

"ಒಂದ್ಸಲ ಕರೀಬಹುದಿತ್ತು" ಎಂದಳು, ಗಂಜಿ ತಿರುವುತ್ತಲೇ. "ನದಿ ದಡದಲ್ಲಿ."

ಆ ಮಾತನ್ನು ಅವಳು ಮತ್ತೆ ಆಡಲಿಲ್ಲ. ನಾನು ಗಂಟಲಿನ ನೆಪ ಹೇಳಲಿಲ್ಲ. ಸೋರೆ ಎದ್ದು ಅಂಗಿಯ ತೋಳನ್ನು ಬಾಯಲ್ಲಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದಳು.

ಮೊದಲ ತಿಂಗಳು, ಮಂಜು ಬಿದ್ದ ಸಂಜೆ

ಒಂದು ಉಪಾಯ ಹೊಳೆಯಿತು. ಉಪಾಯವೋ ಹುಚ್ಚೋ ತಿಳಿಯದು.

ಮಿಡತೆ ಚಿಕ್ಕವನಾಗಿದ್ದಾಗ ಅವನ ತಾಯಿ ದಿನವೂ ಸಂಜೆ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದಳು. ಅವಳ ಸಣ್ಣ ದನಿ ಬೀದಿಯ ತಿರುವಿಗೂ ಮುಟ್ಟುತ್ತಿರಲಿಲ್ಲ. ಆದರೂ ಅವನು ಎಲ್ಲಿದ್ದರೂ ಬರುತ್ತಿದ್ದ. ಊಟಕ್ಕೆ ಕರೆಯುವುದು ಸಾವಿನ ಕರೆಯಲ್ಲ. ಬದುಕಿದ್ದರೆ ಹಸಿವಾದೀತು. ಸತ್ತಿದ್ದರೂ ಹಸಿವಾದೀತು. ಎರಡಕ್ಕೂ ಒಂದೇ ಕರೆ.

ಮಾಡು ಹತ್ತಿದೆ. ಅಂಗಿ ಕೇಳಲಿಲ್ಲ. ಉತ್ತರಕ್ಕೆ ತಿರುಗಲಿಲ್ಲ, ದೋಣಿಗಟ್ಟೆಯ ಕಡೆ ತಿರುಗಿದೆ, ಆಡಿ ಬರುವ ಮಕ್ಕಳು ಬರುವುದು ಆ ದಾರಿಯಲ್ಲೇ. ಷೆಂಗ್ ಎನ್ನಲಿಲ್ಲ. ಆ ಹೆಸರು ಕಚೇರಿಯದು.

"ಮಿಡತೇ... ಬಾರೋ... ಗಂಜಿ ಆರ್ತಿದೆ..."

ಕೆಳಗೆ ನೋಡಿದೆ. ರುವೊ ಅಂಗಳದಲ್ಲಿ ನಿಂತಿದ್ದಳು. ಒಳಗೆ ಹೋಗಿ ಇನ್ನೊಂದು ಬಟ್ಟಲು ಇಟ್ಟಳು.

ಮೊದಲ ತಿಂಗಳು, ಮತ್ತೊಂದು ಸಂಜೆ

ತಾವಕ್ಕ ಏಣಿಯ ಬುಡಕ್ಕೆ ಬಂದಳು. "ಕ್ವೈ, ನಮ್ಮ ಹಂದಿಮರೀನೂ ಕರಿಯಪ್ಪ."

"ಅವನ್ನ ಕರೆದಾಗಿದೆಯಲ್ಲಕ್ಕ. ಹಿತ್ತಲಲ್ಲಿ ಮಣ್ಣೂ ಮಾಡಿದ್ದೀಯ."

"ಮಣ್ಣು ಮಾಡಿದ್ರೆ ಹೊಟ್ಟೆ ಹಸಿಯಲ್ವ? ನೀನು ಕರಿ. ಅವನಿಗೆ ಊಟಕ್ಕೆ ಮೊದಲಿಂದಾನೂ ಎರಡೆರಡು ಸಲ ಕರೀಬೇಕು."

ಕರೆದೆ. ಬೀದಿಯ ಉಳಿದ ತಾಯಂದಿರೂ ಬಂದರು. ತಾವು ಮುದ್ದಿಗೆ ಕರೆಯುವ ಹೆಸರುಗಳನ್ನು ನಾಚಿಕೊಂಡು ಒಬ್ಬೊಬ್ಬರಾಗಿ ಹೇಳಿದರು. ನಾಯಿಮೂಗ. ಕೆಸರುಮುದ್ದೆ. ಕಿರಿ ಏಡಿ. ಎಲ್ಲರನ್ನೂ ಊಟಕ್ಕೆ ಕರೆದೆ. ಬೆಳಿಗ್ಗೆ ಎದ್ದಾಗ ಗಂಟಲು ನೋಯುತ್ತಿರಲಿಲ್ಲ.

ಬಾತುಕೋಳಿಗಳು ಮರಳಿದ ದಿನ

ದೀಪ ಹಚ್ಚಿಕೊಂಡು ಇವತ್ತೇ ಬರೆಯುತ್ತಿದ್ದೇನೆ.

ಸಂಜೆ "ಹಂದಿಮರೀ" ಎಂದು ಎರಡನೆಯ ಸಲ ಎಳೆದೆ. ದೋಣಿಗಟ್ಟೆಯ ಕಡೆಯಿಂದ ದನಿ ಬಂತು.

"ದೊಡ್ಡಪ್ಪಾ, ಇಡೀ ದೋಣಿ ನಗ್ತಿದೆ, ಸಾಕು ನಿಲ್ಸಿ."

ಗಡ್ಡ ಎದೆಯವರೆಗೆ. ಒಂದು ಕಾಲು ಎಳೆಯುತ್ತಿದ್ದ. ಬೀದಿಯವರು ಗೋಡೆಗೆ ಅಂಟಿಕೊಂಡರು. ಕರೆದು ಮಣ್ಣು ಮಾಡಿದವನು ನಡೆದು ಬಂದರೆ ಮತ್ತೇನು ಮಾಡಿಯಾರು. ತಾವಕ್ಕ ಮಾತ್ರ ನೇರ ಹೋಗಿ ಅವನ ಪಾದ ಮುಟ್ಟಿ ನೋಡಿದಳು.

"ಒದ್ದೆಯಾಗಿದೆ" ಎಂದಳು.

"ನದಿ ದಾಟಿ ಬಂದೆನಲ್ಲಮ್ಮ."

"ದೆವ್ವದ ಕಾಲು ಒದ್ದೆ ಆಗಲ್ಲ" ಎಂದು ಊರಿಗೆಲ್ಲ ಸಾರಿದಳು. ಆ ಹೊತ್ತು ಅವಳ ಗಂಟಲಿನ ಮುಂದೆ ನನ್ನದು ಏನೂ ಅಲ್ಲ. ಆಮೇಲೆ ಅವನ ಬೆನ್ನಿಗೆ ಎರಡು ಗುದ್ದಿದಳು. ಹಿತ್ತಿಲಲ್ಲಿ ಹೂತ ಅಂಗಿಯೇ ಅವನಿಗಿದ್ದ ಒಂದೇ ಒಳ್ಳೆಯ ಅಂಗಿಯಂತೆ.

ನಾನು ಮಾಡಿದ ತಪ್ಪಿಗೆ ಅವನ ಪ್ರಾಣಕ್ಕೆ ಏನೂ ಆಗಿಲ್ಲ. ನನ್ನ ಕರೆಗೆ ಬರದ ಪ್ರಾಣವೂ ಉಂಟು. ಇಷ್ಟು ದೊಡ್ಡ ಸೋಲಿಗೆ ಇಷ್ಟು ಸಂತೋಷಪಟ್ಟವನು ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ನಮ್ಮ ಮನೆಯಲ್ಲಿ, ಮಿಡತೆಗೆಂದು ಇಟ್ಟಿದ್ದ ಬಟ್ಟಲಿನಲ್ಲೇ ಅವನಿಗೆ ಗಂಜಿ ಕೊಟ್ಟೆವು. ರುವೊ ಎದುರಿಗೆ ಕೂತಳು. ಕೇಳಲಿಲ್ಲ. ಅವನೇ ಹೇಳಿದ.

"ಶರಣಾದ್ಮೇಲೆ ನಮ್ಮ ಕಾವಲಿನೋರ ಮಾತು ನನಗೆ ಸರಿ ಕಾಣ್ಲಿಲ್ಲ. ಅತ್ತಿಗೆ, ಆ ರಾತ್ರಿ ಮಿಡತೆ, ನಾನು ಇಬ್ರೂ ಒಟ್ಟಿಗೇ ಹೊಂಡದ ಪೊದೆಗೆ ಜಾರಿದ್ವಿ. ಅವನು ನನ್ನ ಹಿಂದೇನೇ ಇದ್ದ. ಬೆಳಕು ಹರಿದಾಗ ನೋಡ್ತೀನಿ, ಹಿಂದೆ ಯಾರೂ ಇರ್ಲಿಲ್ಲ. ಕೂಗೋ ಹಾಗಿರ್ಲಿಲ್ಲ. ಅವನು ಕೂಗಿದ್ರೂ ನಿಮಗೆ ಗೊತ್ತಲ್ಲ, ಅವನ ದನಿ."

"ಗೊತ್ತು" ಎಂದಳು ರುವೊ.

ನಾನು ಕೇಳಬೇಕಾದದ್ದನ್ನು ಕೇಳಿದೆ. ಆವತ್ತು ಆಚೆ ದಡದಲ್ಲಿ ಸಾಗಿದಾಗ ಅವನೂ ಇದ್ದನೇ?

ಹಂದಿಮರಿ ಬಟ್ಟಲು ಕೆಳಗಿಟ್ಟ. "ಇದ್ದ ದೊಡ್ಡಪ್ಪ. ಊರು ದಾಟೋವರೆಗೂ ಕಿವಿ ಈ ಕಡೆ ಇಟ್ಕೊಂಡೇ ನಡೆದ. 'ಅಪ್ಪ ಕೂಗ್ತಾರೆ ನೋಡು' ಅಂದ. ಆಮೇಲೆ, 'ಕೂಗ್ದೇ ಇದ್ದದ್ದು ಒಳ್ಳೇದಾಯ್ತು, ನಾನು ತಿರುಗಿಬಿಡ್ತಿದ್ದೆ' ಅಂದ."

ಸೋರೆ ನನ್ನ ಮಡಿಲಲ್ಲಿ ಕೂತು ಅವನ ಗಡ್ಡ ನೋಡುತ್ತಿದ್ದಳು. ಅವನು ಅವಳತ್ತ ಬಾಗಿ ನಕ್ಕ. "ಇವಳೇನಾ? ಬಾಗಿಲಲ್ಲಿ ಹೊರಡೋವಾಗ ಅವನು ನಿಮಗೆ ಹೇಳಿದ್ದು ಇವಳ ವಿಷ್ಯಾನೇ. ನಗಾರಿ ಸದ್ದಲ್ಲಿ ನಿಮಗೆ ಕೇಳ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ."

"ಏನಂದ?"

"'ಅಪ್ಪಾ, ಕೂಸು ಬಂದ್ಮೇಲೆ ಸ್ವಲ್ಪ ಮೆಲ್ಲಗೆ ಮಾತಾಡಿ' ಅಂದ."

ರುವೊ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು. "ಕೇಳಿಸಿಕೊಳ್ದೇನೇ ಮಾಡ್ತಿದ್ದೀರಲ್ಲ ಮಾವ" ಎಂದಳು.

ಏನು ಮಾಡುತ್ತಿದ್ದೇನೋ ನನಗೆ ತಿಳಿಯಲಿಲ್ಲ. ನಾನು ಮೊದಲಿಂದಲೂ ಹೀಗೇ ಮಾತಾಡುವುದು.

ಸೋರೆ ಬೀಳದೆ ಓಡಿದ ಬೇಸಿಗೆ

ಇನ್ನೊಬ್ಬ ರಾಜನ ಅಧಿಕಾರಿ ಬಂದಿದ್ದಾನೆ. ಬಾವುಟ ಕೆಂಪು, ಈ ಸಲ ಹೊಸ ಬಟ್ಟೆ, ತಾವಕ್ಕನ ಲಂಗ ಬಚಾವಾಯಿತು. ಚಿನ್ ಎಂಬುದು ಮುಗಿಯಿತಂತೆ. ಇನ್ನು ಮುಂದಿನದು ಶಾಶ್ವತವಂತೆ. ಲ್ವೋ ಅದೇ ಕೀಲಿಕೈ ಹಿಡಿದು ನನ್ನ ಬಾಗಿಲಿಗೆ ಬಂದ.

"ಕ್ವೈ, ಕಟ್ಟೆ ಹತ್ತು. ದೊಡ್ಡ ಘೋಷಣೆ. ಸಂಜೆಗೆ ಜನ ಸೇರ್ತಾರೆ."

"ಸಂಜೆ ಆಗಲ್ಲಪ್ಪ. ಕೆಲಸ ಇದೆ."

"ರಾಜರ ಕೆಲಸ ಬಿಟ್ಟು ಅದೇನಯ್ಯ ಅಂಥ ಕೆಲಸ?"

"ಊಟಕ್ಕೆ ಕರೀಬೇಕು."

ಲ್ವೋನ ತಮ್ಮನೂ ಮಣ್ಣಾದ ಆ ಸೇನೆಯಲ್ಲಿದ್ದ. ಹೋಗುವಾಗ ತಮ್ಮನ ಮುದ್ದಿನ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿ ಹೋದ.

ಸಂಜೆ ಸೋರೆಯನ್ನು ಭುಜದ ಮೇಲೆ ಕೂರಿಸಿಕೊಂಡು ಮಾಡು ಹತ್ತಿದೆ. ಬೀದಿಯ ಹೆಸರುಗಳೆಲ್ಲ ಆದವು. ಕೊನೆಯ ಹೆಸರಿಗೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಲೆಯ ಮೇಲಿಂದ ಒಂದು ದನಿ ಎದ್ದಿತು.

"ಮಿದತೇ... ಬಾಲೋ..."

ಅಯ್ಯಪ್ಪ, ಅದೆಂಥ ದನಿ. ಕಾಗೆಗಳು ಎದ್ದವು. ಆಚೆ ದಡದಲ್ಲಿ ಅಂಬಿಗನೊಬ್ಬ ಹುಟ್ಟು ನಿಲ್ಲಿಸಿದ. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು.

"ಮುಗೀತು" ಎಂದಳು ರುವೊ ಕೆಳಗಿನಿಂದ. "ಇನ್ನು ಈ ಮನೇಲಿ ಮೊಟ್ಟೆ ಇಲ್ಲ."

ಸೋರೆ ಇನ್ನೊಮ್ಮೆ ಕೂಗಲು ಉಸಿರೆಳೆದಳು. ಅವಳ ಕಾಲನ್ನು ಮೆಲ್ಲಗೆ ಒತ್ತಿ ಹಿಡಿದೆ. "ತಾಳು ಪುಟ್ಟಾ, ಕರೆದ ಮೇಲೆ ಸುಮ್ಮನಿರಬೇಕು" ಎಂದೆ.

ಇಬ್ಬರೂ ಸುಮ್ಮನೆ ಕೂತೆವು. ನದಿಯ ಸದ್ದು ಒಂದೇ. ಕೆಳಗೆ ರುವೊ ಬಟ್ಟಲಿನ ಮೇಲೆ ಮುಚ್ಚಳ ಇಟ್ಟಳು, ಅದೂ ಕೇಳಿಸಿತು. ಮಿಡತೆಯ ದನಿ ಸಣ್ಣದು. ಅವನು ಉತ್ತರ ಕೊಟ್ಟರೆ ನಮಗೆ ಕೇಳಬೇಕಲ್ಲ.